ಕಡಲ ದಂಡೆಯಲ್ಲಿ ಒಂದು ಪೂರ್ತಿ ಪ್ಯಾಂಟು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಮೀನುಗಾರರ ಊರಿನಲ್ಲಿ ನಾವು ಇಳಿದುಕೊಂಡಿದ್ದ ತುಫಾನ್ ಶೆಲ್ಟರಿನ, ಅಂದರೆ ಚಂಡಮಾರುತ ಬಂದಾಗ ಊರವರು ಸೇರುವ ಕಟ್ಟಡದ, ಗೋಡೆಗಳು ಹಳದಿ ಎಂದು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಮೊನ್ನೆ ಫೋನಿನಲ್ಲಿದ್ದ ಫೋಟೊ ತೆಗೆದು ನೋಡಿದರೆ ಗೋಡೆ ತಿಳಿನೀಲಿ. ಅಷ್ಟು ದೊಡ್ಡ ಕಟ್ಟಡದ ಬಣ್ಣವನ್ನೇ ಬದಲಿಸಿದ ನೆನಪು, ಅಲ್ಲಿ ಅವ್ವ ಆಡಿದ ಮಾತುಗಳನ್ನು ಹಾಗೆಯೇ ಬಿಟ್ಟಿದೆ ಎಂದು ನಂಬುವುದು ಕಷ್ಟ. ನಾನು ದಿನಚರಿ ಬರೆಯುವವಳು. ಆದರೂ ಅಲ್ಲಿದ್ದಷ್ಟು ದಿನ ಒಂದು ಸಾಲೂ ಬರೆಯಲಿಲ್ಲ, ಮನೆಗೆ ಬಂದ ಮೇಲೆ ಕೂತು ಬರೆದೆ. ಅಲ್ಲದೆ ಇದು ನನ್ನ ಅವ್ವನ ವಿಷಯ. ಹೆಮ್ಮೆಯಿಂದ ನೆನೆಯುವ ಸಂಗತಿಗೆ ನಮಗೇ ಗೊತ್ತಿಲ್ಲದಂತೆ ಇಸ್ತ್ರಿ ಬಿದ್ದಿರುತ್ತದೆ. ಸಾಧ್ಯವಾದ ಕಡೆ ಸುಕ್ಕುಗಳನ್ನು ಹಾಗೇ ಬಿಟ್ಟು ಬರೆಯಲು ನೋಡುತ್ತೇನೆ.

ನಮ್ಮದು ರಾಯದುರ್ಗ. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಎದ್ದರೆ ಮೊದಲು ಕೇಳುವುದು ಹೊಲಿಗೆ ಮಿಷನ್ನಿನ ಸದ್ದು. ಮನೆಮನೆಯಲ್ಲೂ ಜೀನ್ಸ್ ಪ್ಯಾಂಟಿನ ಕೆಲಸ. ಆದರೆ ಹೊರಗಿನವರಿಗೆ ಗೊತ್ತಿರದ ಒಂದು ವಿಷಯವಿದೆ: ನಮ್ಮ ಬೀದಿಯ ಯಾವ ಮನೆಯಲ್ಲೂ ಒಂದು ಪ್ಯಾಂಟು ಪೂರ್ತಿಯಾಗುವುದಿಲ್ಲ. ಕಟಿಂಗ್ ಮಾಸ್ಟರ್ ಒಂದು ಶೆಡ್ಡಿನಲ್ಲಿ ಬಟ್ಟೆಯನ್ನು ಪದರ ಪದರವಾಗಿ ಪೇರಿಸಿ ಕತ್ತರಿಸುತ್ತಾನೆ. ಆ ತುಂಡುಗಳು ಬಂಡಲ್ ಆಗಿ ಮೊಪೆಡ್ಡಿನ ಮೇಲೆ ಮನೆಯಿಂದ ಮನೆಗೆ ತಿರುಗುತ್ತವೆ. ಎದುರು ಮನೆಯವರು ಜೇಬು ಕೂಡಿಸುತ್ತಾರೆ, ಮೂಲೆ ಮನೆಯವರು ಕಾಲು ಜೋಡಿಸುತ್ತಾರೆ, ಆಚೆ ಬೀದಿಯಲ್ಲಿ ಬರೀ ಲೂಪು, ಅಂದರೆ ಬೆಲ್ಟು ತೂರಿಸುವ ಕುಣಿಕೆ. ನಮ್ಮ ಮನೆಯಲ್ಲಿ ಎರಡು ಮಿಷನ್. ಒಂದರಲ್ಲಿ ಅವ್ವ ಜಿಪ್ ಕೂಡಿಸುತ್ತಾಳೆ. ಇನ್ನೊಂದರಲ್ಲಿ ದೊಡ್ಡವ್ವ, ಅಂದರೆ ನನ್ನ ದೊಡ್ಡಪ್ಪನ ಹೆಂಡತಿ, ಸೊಂಟಪಟ್ಟಿ ಹೊಲಿಯುತ್ತಾಳೆ, ನಮ್ಮ ಕೆಲಸದ ಮಾತಿನಲ್ಲಿ ಅದಕ್ಕೂ ಬೆಲ್ಟು ಎಂದೇ ಹೆಸರು. ದೊಡ್ಡವ್ವ ಮಡಕಶಿರಾ ಕಡೆಯ ಗುಡಿಬಂಡೆಯವಳು. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಅವಳ ನಾಲಿಗೆ ರಾಯದುರ್ಗಕ್ಕೆ ಬಂದಿಲ್ಲ.

ನಾನು ಹುಟ್ಟುವುದಕ್ಕೂ ಮುಂಚಿನಿಂದ ಅವ್ವ ಜಿಪ್ ಹೊಲಿಯುತ್ತಿದ್ದಾಳೆ. ಮಾತಾಡುತ್ತಾ, ಒಲೆಯ ಮೇಲಿನ ಹಾಲಿನ ಕಡೆ ನೋಡುತ್ತಾ, ಕೈ ತಾನೇ ಹೋಗಿ ತಾನೇ ತಿರುಗುತ್ತದೆ. ನಾನು ಅನಂತಪುರದಲ್ಲಿ ಎಂ.ಎ. ಓದುವಾಗ ಗೆಳತಿಯರ ಪ್ಯಾಂಟಿನ ಜಿಪ್ ಕಂಡರೆ ಹೊಲಿಗೆಯ ತಿರುವು ನೋಡುತ್ತಿದ್ದೆ, ಅವ್ವನ ಕೈಯದಿರಬಹುದೇ ಎಂದು. ಹಾಗೆ ನೋಡುವುದು ಅಷ್ಟೇನೂ ಮರ್ಯಾದೆಯ ಕೆಲಸವಲ್ಲ ಎಂದು ಒಬ್ಬಳು ಹೇಳಿದ ಮೇಲೆ ಬಿಟ್ಟೆ.

ಒಂದು ದಿನ ನಮ್ಮ ಬೀದಿಗೆ ಒಬ್ಬ ಮೇಡಂ ಬಂದರು. ನೆಲ್ಲೂರಿನಾಚೆ ಕಡಲ ದಂಡೆಯಲ್ಲಿ ಹೆಂಗಸರ ಡ್ವಾಕ್ರಾ ಸಂಘಗಳಿಗೆ, ಅಂದರೆ ಉಳಿತಾಯದ ಸ್ವಸಹಾಯ ಗುಂಪುಗಳಿಗೆ, ತರಬೇತಿ ಕೊಡಿಸುವವರು. ಬೇಸಿಗೆಯಲ್ಲಿ ಮೀನು ಮೊಟ್ಟೆ ಇಡುವ ಕಾಲಕ್ಕೆ ಸರ್ಕಾರ ದೋಣಿ ಇಳಿಸಬಾರದೆಂದು ನಿಷೇಧ ಹಾಕುತ್ತದೆ, ಆಗ ಊರಿಗೆ ಊರೇ ಕೈಕಟ್ಟಿ ಕೂರುತ್ತದೆ, ಆ ದಿನಗಳಲ್ಲಿ ಅಲ್ಲಿನ ಹೆಂಗಸರಿಗೆ ಪ್ಯಾಂಟು ಹೊಲಿಯುವುದನ್ನು ಕಲಿಸಬೇಕು ಎಂದರು. ನಮ್ಮ ಜಗಲಿಯ ಮೇಲೆ ಒಟ್ಟಿದ್ದ ಬಂಡಲ್‌ಗಳನ್ನು ನೋಡಿ ಅವ್ವನನ್ನು ಕೇಳಿದರು, ನೀವು ಜೀನ್ಸ್ ಪ್ಯಾಂಟು ಹೊಲಿಯುತ್ತೀರಾ ಎಂದು.

"ಹೌದ್ರಿ, ಹೊಲಿತೀವ್ರಿ," ಎಂದಳು ಅವ್ವ.

ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಬರೀ ಜಿಪ್ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ಬಿಡಿಸಿ ಹೇಳಬೇಕೆಂದು ಯಾರಿಗೂ ಹೊಳೆಯುವುದೂ ಇಲ್ಲ. ಮೇಡಂ ಹೋಗುವಾಗ ಅವ್ವನನ್ನು "ಟೀಚರಮ್ಮ" ಎಂದು ಕರೆದರು. ಶಾಲೆಯನ್ನು ಅರ್ಧಕ್ಕೆ ಬಿಟ್ಟ ಅವ್ವ ಆ ಸಂಜೆಯೆಲ್ಲ ಒಂದು ಥರ ಇದ್ದಳು. ಹಾಡಿಕೊಂಡಳು ಎಂದು ಬರೆಯಬೇಕೆನಿಸುತ್ತದೆ, ಆದರೆ ಅವ್ವ ಹಾಡುವವಳಲ್ಲ. ಬಹುಶಃ ಮಿಷನ್ನೇ ಸ್ವಲ್ಪ ಜೋರಾಗಿ ಓಡಿತು.

ಹೊರಡುವ ಹಿಂದಿನ ಮಧ್ಯಾಹ್ನ ದೊಡ್ಡವ್ವ ಕೇಳಿದಳು.

"ಅಲ್ಲ ಕಣೇ, ಪ್ಯಾಂಟ್ ಹೊಲಿಯೋದು ಹೇಳ್ಕೊಡ್ತೀನಿ ಅಂತ ಒಪ್ಕಂಡ್ಯಲ್ಲ, ನಿಂಗೆ ಕಟಿಂಗ್ ಬತ್ತೈತಾ?"

"ಕಟಿಂಗ್ ಮಾಸ್ಟರ್ ಮಾಡ್ತಾನಲ್ಲಕ್ಕ."

"ಅವ್ನೂ ಬತ್ತಾನಾ ಸಮುದ್ರುಕ್ಕೆ?"

ಅವ್ವನ ಮಿಷನ್ ನಿಂತಿತು.

"ಜೇಬು ಯಾರು ಮಾಡ್ತಾರೆ?"

"ಎದುರುಮನೀಯವ್ರು."

"ಕಾಲು?"

"ಮೂಲಿಮನಿ."

"ಅಂಗಾದ್ರೆ ಬಸ್ಸಿಗೆ ಬೀದೀನೇ ಹತ್ತುಸ್ಕಂಡು ಹೋಗಾನ ಬಿಡು," ಎಂದು ದೊಡ್ಡವ್ವ ನಗತೊಡಗಿದಳು. ಆಮೇಲೆ ಅವ್ವನ ಮುಖ ನೋಡಿ ನಿಲ್ಲಿಸಿದಳು.

ಮೇಡಂಗೆ ಫೋನ್ ಮಾಡಿ ಆಗುವುದಿಲ್ಲ ಎಂದು ಹೇಳಲೇ ಎಂದು ನಾನು ಕೇಳಿದೆ. ಅವ್ವ ಸೂಜಿಯ ಕೆಳಗಿದ್ದ ತುಂಡನ್ನು ಎಳೆದು ತೆಗೆದಳು. "ಹೇಳಬ್ಯಾಡ," ಎಂದಳು. "ಬರ್ತೀನಿ ಅಂದೀನಿ. ಕಲಿಸ್ತೀನಿ ಅಂದೀನಿ. ಆಡಿದ ಮಾತು ಅದು." ಎದ್ದು ಹೋಗಿ ಮೂಲೆಮನೆಯಿಂದ ಒಂದು ಡ್ಯಾಮೇಜ್ ಪ್ಯಾಂಟು ತಂದಳು. ಬಟ್ಟೆಯಲ್ಲಿ ಕಲೆಯಿದ್ದು, ನಮ್ಮ ಬೀದಿಗೆ ಕೆಲಸ ಕೊಡುವ ಮಾಲೀಕರು ಬೇಡವೆಂದದ್ದು, ಹೊಲಿಗೆ ಮಾತ್ರ ಪೂರ್ತಿ ಆದದ್ದು. ಅದನ್ನು ಚೀಲಕ್ಕೆ ಹಾಕಿಕೊಂಡಳು. ದೊಡ್ಡವ್ವನ ಸೀರೆಯನ್ನೂ ಮಡಿಸಿ ಹಾಕಿಕೊಂಡಳು. "ನೀನೂ ಬಾ ಅಕ್ಕ. ಬೆಲ್ಟರ ಬರ್ತೈತಿ ನಿನಗ."

ಗುಂತಕಲ್ಲಿನಲ್ಲಿ ರೈಲು ಹತ್ತಿದ ಮೇಲೆ ಅವ್ವ ಕಿಟಕಿ ಪಕ್ಕ ಕೂತು, ಆ ಪ್ಯಾಂಟನ್ನು ತೊಡೆಯ ಮೇಲೆ ಹರಡಿಕೊಂಡು, ಬ್ಲೇಡಿನಿಂದ ಹೊಲಿಗೆ ಬಿಚ್ಚತೊಡಗಿದಳು. ಮೊದಲು ಲೂಪು, ಆಮೇಲೆ ಸೊಂಟಪಟ್ಟಿ, ಆಮೇಲೆ ಕಾಲಿನ ಹೊರಮಗ್ಗುಲು. ಪ್ರತಿ ತುಂಡು ಬಿಡಿಸಿಕೊಂಡಾಗ ಅದನ್ನು ತಿರುಗಿಸಿ ನೋಡಿ, ಬೆರಳಲ್ಲಿ ಅಂಚು ಸವರಿ, ಯಾವುದರ ಮೇಲೆ ಯಾವುದು ಕೂತಿತ್ತು ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಕೊನೆಯ ಹೊಲಿಗೆಯಿಂದ ಮೊದಲ ಹೊಲಿಗೆಯ ಕಡೆಗೆ ಅವಳ ಪಾಠ. ನಾನು ಪಕ್ಕದಲ್ಲಿ ದಾರದ ಚೂರುಗಳನ್ನು ಆರಿಸುತ್ತಿದ್ದೆ. ಎದುರು ಸೀಟಿನ ಮುದುಕರೊಬ್ಬರು ಬಹಳ ಹೊತ್ತು ನೋಡಿ ತಡೆಯಲಾರದೆ ತೆಲುಗಿನಲ್ಲಿ ಕೇಳಿದರು, ಹೊಸ ಪ್ಯಾಂಟನ್ನು ಯಾಕಮ್ಮ ಹಾಳು ಮಾಡುತ್ತೀ ಎಂದು.

"ಅವಳ ಗಂಡ ಇದು ಚೆನ್ನಾಗಿಲ್ಲ ಅಂದನಂತೆ," ಎಂದಳು ದೊಡ್ಡವ್ವ, ತೆಲುಗಿನಲ್ಲೇ, ಅಷ್ಟೇ ಗಂಭೀರವಾಗಿ. ಮುದುಕರು ನಮ್ಮ ಕಡೆ ಮತ್ತೆ ತಿರುಗಲಿಲ್ಲ.

ರೈಲು, ಬಸ್ಸು, ಕೊನೆಗೆ ಆಟೋ. ಊರು ಚಿಕ್ಕದು. ಉಸುಕಿನ ಮೇಲೆ ಎಳೆದು ನಿಲ್ಲಿಸಿದ್ದ ದೋಣಿಗಳು, ಅವುಗಳ ನೆರಳಲ್ಲಿ ಬಲೆ ರಿಪೇರಿ ಮಾಡುತ್ತಿದ್ದ ಗಂಡಸರು, ಗೋಡೆ ಮೇಲೆ ಒಣಮೀನು. ಅವ್ವ, ದೊಡ್ಡವ್ವ ಇಬ್ಬರೂ ಕಡಲನ್ನು ಕಂಡದ್ದು ಅದೇ ಮೊದಲು. ಆ ಗಳಿಗೆಯ ಬಗ್ಗೆ ಏನಾದರೂ ದೊಡ್ಡದಾಗಿ ಬರೆಯಬೇಕೆಂದು ನಾನು ಆಟೋದಲ್ಲೇ ಸಿದ್ಧಳಾಗಿದ್ದೆ. ದೊಡ್ಡವ್ವ ಚಪ್ಪಲಿ ಬಿಟ್ಟು ಹೋಗಿ ನೀರಿಗೆ ಕೈ ಮುಗಿದು, ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡು, "ಔದು, ಉಪ್ಪೇಯ," ಎಂದಳು, ಯಾರೋ ಅಲ್ಲ ಎಂದು ವಾದ ಮಾಡಿದ್ದರೇನೋ ಎಂಬಂತೆ. ಅವ್ವ ಒಂದು ಸಲ ಆ ಕಡೆ ನೋಡಿದಳು. ಆಮೇಲೆ ತಿರುಗಿ, ಮಿಷನ್‌ಗಳನ್ನು ಇಟ್ಟಿದ್ದ ತುಫಾನ್ ಶೆಲ್ಟರಿನ ಕಡೆ ನೋಡಿ, "ಅಲ್ಲಿ ಕರೆಂಟ್ ಐತೇನು ಕೇಳು," ಎಂದು ನನಗೆ ಹೇಳಿದಳು.

ಮರುದಿನ ಬೆಳಿಗ್ಗೆ ಹತ್ತು ಹನ್ನೆರಡು ಹೆಂಗಸರು ಬಂದರು. ಅವರ ಮುಂದಾಳು ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು. ಸಂಘದ ಅಧ್ಯಕ್ಷೆ, ಹಾಗಾಗಿ ಎಲ್ಲರೂ ಅವಳನ್ನು ಲೀಡರಮ್ಮ ಎನ್ನುತ್ತಿದ್ದರು. ಅವರದು ಕಡಲ ತೆಲುಗು, ನಮ್ಮದು ಕನ್ನಡ ಬೆರೆತ ಬಯಲ ತೆಲುಗು. ಇಲ್ಲಿ ಎಲ್ಲವನ್ನೂ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಲೀಡರಮ್ಮ ನೇರ ವಿಷಯಕ್ಕೆ ಬಂದಳು.

"ಟೀಚರಮ್ಮ, ನಿಷೇಧ ಮುಗಿಯೋದ್ರೊಳಗೆ ಕಲಿಸಿಬಿಡು. ದೋಣಿ ನೀರಿಗೆ ಇಳಿದರೆ ಇವರಲ್ಲಿ ಒಬ್ಬಳೂ ಇಲ್ಲಿ ಕೂರಲ್ಲ. ನಾನೂ ಕೂರಲ್ಲ."

ದೊಡ್ಡವ್ವ ಹಿಂದಿನಿಂದ ಕನ್ನಡದಲ್ಲಿ ಪಿಸುಗುಟ್ಟಿದಳು: "ಮೊದ್ಲು ನಿನ್ ಜಿಪ್ ತೋರ್ಸು, ಆಮೇಲೆ ನನ್ ಬೆಲ್ಟು. ಮಿಕ್ಕಿದ್ದು ನಾಳೀಕೆ ನೋಡ್ಕಣಾನ."

ಅವ್ವ ಚಾಪೆಯ ಮೇಲೆ ಆ ಬಿಚ್ಚಿದ ತುಂಡುಗಳನ್ನು ಒಂದೊಂದಾಗಿ ಹರಡಿದಳು. ಆಮೇಲೆ ಹೇಳಿದಳು: "ನೋಡ್ರಮ್ಮ, ನನಗೆ ಬರೋದು ಜಿಪ್ ಒಂದೇ. ನಮ್ಮಕ್ಕನಿಗೆ ಸೊಂಟಪಟ್ಟಿ ಬರ್ತದೆ. ಇಡೀ ಪ್ಯಾಂಟು ನಾವಿಬ್ಬರೂ ಯಾವತ್ತೂ ಹೊಲಿದಿಲ್ಲ. ಕಲಿಸ್ತೀನಿ ಅಂತ ಮಾತು ಕೊಟ್ಟಿದೀನಿ, ಅದಕ್ಕೆ ಬಂದೆ. ಇದನ್ನ ನೋಡಿಕೊಂಡು ಕೂಡಿ ಕಲಿಯೋಣ."

ನಾನು ನೆಲ ನೋಡಿದೆ. ಯಾರಾದರೂ ಎದ್ದು ಹೋಗುತ್ತಾರೆ ಎಂದುಕೊಂಡೆ. ಬಾಗಿಲ ಹತ್ತಿರ ಕೂತಿದ್ದ ಹಲ್ಲಿಲ್ಲದ ಮುದುಕಿಯೊಬ್ಬಳು ಬಾಯಿ ತೆರೆದಳು. "ಅದಕ್ಕೇನಂತೆ. ನನ್ನ ಗಂಡ ಬದುಕಿಡೀ ಮೀನು ಹಿಡಿದ. ಒಂದು ಮೀನು ಮಾರು ಅಂದರೆ ಬೆವರುತ್ತಿದ್ದ. ಕೊಟ್ಟ ಬೆಲೆಗೆ ಕೊಟ್ಟು ಓಡಿ ಬರುತ್ತಿದ್ದ." ಹೆಂಗಸರು ನಕ್ಕರು. ಲೀಡರಮ್ಮ ನಗಲಿಲ್ಲ, ಎದ್ದೂ ಹೋಗಲಿಲ್ಲ.

ಮೇಡಂ ಕಳಿಸಿದ್ದ ಹೊಸ ಬಟ್ಟೆಯನ್ನು ಅವ್ವ ಹರಡಿದಳು. ತುಂಡುಗಳನ್ನು ಅದರ ಮೇಲಿಟ್ಟು ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆದೆ, ಅವಳು ಕತ್ತರಿಸಿದಳು. ಮಧ್ಯಾಹ್ನದವರೆಗೂ ಎಲ್ಲ ಸರಿಯಾಗಿಯೇ ಇತ್ತು. ಜಿಪ್ ಕೂಡಿಸುವಾಗ ಅವಳ ಕೈ ನೋಡಲು ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಬಾಗಿ ನಿಂತರು. ಕಾಲು ಜೋಡಿಸುವ ಹೊತ್ತಿಗೆ ಅವ್ವ ನಿಂತುಬಿಟ್ಟಳು. ಎರಡೂ ತುಂಡುಗಳನ್ನು ಎದುರುಬದುರು ಇಟ್ಟಳು, ತಿರುಗಿಸಿದಳು, ಮತ್ತೆ ಇಟ್ಟಳು. ಜೀನ್ಸ್ ಬಟ್ಟೆಗೆ ನೀಲಿಯ ಒಂದು ಮುಖ, ಬಿಳಿಚಿದ ಒಂದು ಮುಖ. ಒಂದು ಕಾಲು ಕತ್ತರಿಸಿದ ಮೇಲೆ ಅಳತೆಯ ತುಂಡನ್ನು ಮಗುಚಿ ಇನ್ನೊಂದನ್ನು ಕತ್ತರಿಸಬೇಕು. ಎರಡು ಕಾಲಿಗೂ ನಾವು ಅಳತೆಗೆ ಇಟ್ಟದ್ದು ಒಂದೇ ಕಾಲಿನ ತುಂಡು, ಅವ್ವ ಅದನ್ನು ಮಗುಚಿರಲಿಲ್ಲ. ಅವಳ ಇಷ್ಟು ವರ್ಷದ ಕೆಲಸದಲ್ಲಿ ಎಡ ಬಲ ಎರಡೂ ಜೋಡಿಯಾಗಿಯೇ ಮೊಪೆಡ್ಡಿನ ಮೇಲೆ ಬರುತ್ತಿದ್ದವು. ಅವು ಹೇಗೆ ಜೋಡಿಯಾಗುತ್ತವೆ ಎಂದು ಅವಳು ನೋಡಿದ್ದೇ ಇಲ್ಲ.

"ಎರಡೂ ಎಡಗಾಲು ಆಗ್ಯಾವ," ಎಂದಳು ನನಗೆ, ಮೆಲ್ಲಗೆ.

ಮುದುಕಿಯ ಕಿವಿ ಚುರುಕು, ಕಣ್ಣು ಇನ್ನೂ ಚುರುಕು. ಭಾಷೆ ತಿಳಿಯದಿದ್ದರೂ ತುಂಡು ನೋಡಿ ತಿಳಿದುಕೊಂಡಳು. "ಇದು ಏಡಿಗೆ ಹೊಲಿದದ್ದು," ಎಂದಳು. "ಪಾಪ, ಅದೂ ಅಡ್ಡಡ್ಡ ನಡೀತದಲ್ಲ, ಸರಿಹೋಗ್ತದೆ."

ಎಲ್ಲರೂ ನಕ್ಕರು, ಆದರೆ ಆ ದಿನ ಆ ನಗು ಬೇಗ ಆರಿತು. ಒಬ್ಬಳು ಎದ್ದು ಅಡುಗೆ ಇದೆ ಎಂದು ಹೋದಳು, ಅವಳ ಹಿಂದೆ ಇನ್ನೊಬ್ಬಳು. "ನಾಳೆ ಬನ್ನಿ," ಎಂದಳು ಅವ್ವ. ಲೀಡರಮ್ಮ ಆ ಎರಡು ಎಡಗಾಲುಗಳನ್ನು ಎತ್ತಿ ನೋಡಿ, ಕೆಳಗಿಟ್ಟು ಹೋದಳು.

ಸಂಜೆ ನಮಗೆ ಊಟ ತಂದವಳೂ ಅವಳೇ. ಅನ್ನ, ಹುಣಸೆಹಣ್ಣು ಹಾಕಿದ ಮೀನಿನ ಪುಲುಸು. ದೊಡ್ಡವ್ವ ಮುಳ್ಳಿಗೆ ಹೆದರಿ ತುತ್ತು ಹಿಡಿದುಕೊಂಡೇ ಕೂತಿದ್ದಳು. ಲೀಡರಮ್ಮ ಅವಳ ತಟ್ಟೆ ಎಳೆದುಕೊಂಡು, ಎರಡು ಬೆರಳಲ್ಲಿ ಮುಳ್ಳನ್ನು ಒಂದೇ ಸಲಕ್ಕೆ ಎಳೆದು ತೆಗೆದು, ಮಗುವಿಗೆ ಕೊಟ್ಟಂತೆ ವಾಪಸು ಇಟ್ಟಳು. ನಾಳೆಯ ಬಗ್ಗೆ ಮಾತೇ ಎತ್ತಲಿಲ್ಲ. ಅವಳು ಹೋದ ಮೇಲೆ ಅವ್ವ ದೊಡ್ಡವ್ವನನ್ನು ಕೇಳಿದಳು.

"ಬರ್ತಾರೇನಕ್ಕ ನಾಳೆ?"

"ಬಂದ್ರೆ ಬತ್ತಾರೆ. ಇಲ್ದಿದ್ರೆ ಒಣಮೀನು ಕಟ್ಟುಸ್ಕಂಡು ಊರಿಗೆ ಹೋಗಾನ."

"ಹೋಗಿ ಏನಂತ ಹೇಳ್ಲಿ?"

ದೊಡ್ಡವ್ವ ತಟ್ಟೆಗಳನ್ನು ಎತ್ತಿಕೊಂಡು ತೊಳೆಯಲು ಹೋದಳು.

ಮರುದಿನ ಬೆಳಿಗ್ಗೆ ಮೊದಲು ಬಂದವಳು ಲೀಡರಮ್ಮ. ಕಂಕುಳಲ್ಲಿ ಒಂದು ಹಳೆಯ ಪ್ಯಾಂಟು. ಗಂಡನದು. "ಅವನಿಗೆ ಹೇಳಿಲ್ಲ," ಎಂದಳು. "ಇದನ್ನ ಬಿಚ್ಚಿ ನೋಡ್ತೀನಿ. ಸಂಜೆ ಅವನು ಹುಡುಕೋದ್ರೊಳಗೆ ವಾಪಸ್ ಹೊಲಿದಿಡಬೇಕು." ಅವಳ ಹಿಂದೆ ಉಳಿದವರು ಬಂದರು, ಒಬ್ಬೊಬ್ಬಳ ಕೈಯಲ್ಲೂ ಒಂದೊಂದು ಹಳೆಯ ಪ್ಯಾಂಟು: ಅಣ್ಣನದು, ಮಗನದು, ಯಾರದೋ ಹಗ್ಗದ ಮೇಲಿಂದ ಎಳೆದು ತಂದದ್ದು. ಎಲ್ಲರೂ ಬಂದರು ಎಂದು ನಾನು ಕೆಲವರಿಗೆ ಹೇಳಿದ್ದುಂಟು. ಅದು ನಿಜವಲ್ಲ. ಮೂರ್ನಾಲ್ಕು ಜನ ಬರಲಿಲ್ಲ, ಕೊನೆಯವರೆಗೂ ಬರಲಿಲ್ಲ. ಆದರೆ ಬಂದವರು ಬ್ಲೇಡು ಹಿಡಿದು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂತು ಹೊಲಿಗೆ ಬಿಚ್ಚತೊಡಗಿದಾಗ, ಅವ್ವ ಆ ಸಾಲಿನ ಮುಂದೆ ಬಗ್ಗಿ ಬಗ್ಗಿ ನೋಡುತ್ತಾ, "ಹಂಗಲ್ಲ, ಅಂಚು ಹರಿಬ್ಯಾಡ," ಎಂದು ಕನ್ನಡದಲ್ಲೇ ಹೇಳುತ್ತಾ, ಆಮೇಲೆ ನೆನಪಾಗಿ ತೆಲುಗಿಗೆ ತಿರುಗುತ್ತಾ ಓಡಾಡಿದ್ದು ಮಾತ್ರ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ವಿಶ್ವವಿದ್ಯಾಲಯದಲ್ಲಿ ನನಗೆ ಒಳ್ಳೆಯ ಮೇಷ್ಟರುಗಳಿದ್ದರು. ಆ ಬೆಳಿಗ್ಗೆ ನಾನು ಅವರನ್ನು ನೆನೆಯಲಿಲ್ಲ. ಇವಳು ನಮ್ಮವ್ವ ಎಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಹೇಳಬೇಕೆನಿಸಿತು, ಅವರಿಗೆ ಅದು ಗೊತ್ತಿದ್ದರೂ.

ಆಮೇಲಿನ ದಿನಗಳು ನನ್ನ ತಲೆಯಲ್ಲಿ ಒಂದರೊಳಗೊಂದು ಸೇರಿಹೋಗಿವೆ. ಗಾಳಿಗೆ ಉಸುಕು ಬಂದು ಮಿಷನ್ನಿನ ಹಲ್ಲಿಗೆ ಸಿಕ್ಕಿ ಸೂಜಿ ಮುರಿಯುವುದು, ಕರೆಂಟು ಹೋದರೆ ಎಲ್ಲರೂ ಹೊರಗೆ ಹೋಗಿ ದೋಣಿಗೆ ಒರಗಿ ನಿಲ್ಲುವುದು. ಅಲ್ಲಿನ ಹೆಂಗಸರ ಕೈಗೆ ಬಲೆಯ ನೂಲು ಗೊತ್ತಿತ್ತು. ಗಂಟು ಹಾಕಿದರೆ ಅವ್ವನಿಗಿಂತ ಗಟ್ಟಿ. ಒಂದು ದಿನ ಲೀಡರಮ್ಮ ಒಂದು ಉಪಾಯ ತಂದಳು.

"ಟೀಚರಮ್ಮ, ಹೀಗೆ ಒಬ್ಬೊಬ್ಬರೇ ಹೊಲಿದರೆ ಯಾವಾಗ ಮುಗಿಯೋದು? ಜೇಬು ಇವಳು ಮಾಡಲಿ, ಕಾಲು ಅವಳು ಮಾಡಲಿ. ನಿಮ್ಮೂರಲ್ಲಿ ಹಾಗೇ ತಾನೇ ಮಾಡೋದು? ನಿಮ್ಮೂರು ಅದರಿಂದಲೇ ತಾನೇ ಇಷ್ಟು ಹೆಸರಾಗಿದ್ದು?"

ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. ನಿಷೇಧದ ದಿನಗಳು ಮುಗಿಯುತ್ತಾ ಬಂದಿದ್ದವು. ಹಂಚಿಕೊಂಡಿದ್ದರೆ ಮೇಡಂಗೆ ತೋರಿಸಲು ಒಂದು ರಾಶಿ ಪ್ಯಾಂಟು ಆಗುತ್ತಿತ್ತು, ಅವ್ವನ ಮಾತೂ ಉಳಿಯುತ್ತಿತ್ತು. ಅವ್ವ ಒಪ್ಪಲಿಲ್ಲ. "ಪೂರ್ತಿ ಪ್ಯಾಂಟು ಕಲಿಸ್ತೀನಿ ಅಂದಿದ್ದೆ. ನಮ್ಮೂರಲ್ಲಿ ಹಾಗೆ ಮಾಡೋದಕ್ಕೇ ನಾನು ಮೊದಲ ದಿನ ಎರಡು ಎಡಗಾಲು ಕತ್ತರಿಸಿದ್ದು," ಎಂದಳು. ಹಾಗೆಂದು ನನ್ನ ದಿನಚರಿಯಲ್ಲಿದೆ. ದೊಡ್ಡವ್ವನನ್ನು ಕೇಳಿದರೆ, "ಅಷ್ಟುದ್ದ ಎಲ್ಲಿ ಮಾತಾಡಿದ್ಲು, ಬ್ಯಾಡ ಅಂದ್ಲು ಅಷ್ಟೇಯ," ಎನ್ನುತ್ತಾಳೆ. ದೊಡ್ಡವ್ವನ ನೆನಪು ನನ್ನದಕ್ಕಿಂತ ಗಟ್ಟಿ ಎಂದು ಒಪ್ಪುತ್ತೇನೆ. ಆದರೂ ಆ ಸಾಲನ್ನು ಹೊಡೆದುಹಾಕಲು ಕೈ ಬಂದಿಲ್ಲ. ಮಾತು ನನ್ನದೇ ಇರಬಹುದು, ಹಟ ಮಾತ್ರ ಅವಳದೇ.

ಮೇಡಂ ಬಂದ ದಿನ ಶೆಲ್ಟರಿನ ಎದುರು, ಬಲೆ ಒಣಹಾಕುವ ಹಗ್ಗದ ಮೇಲೆ ಪ್ಯಾಂಟುಗಳು ನೇತಾಡುತ್ತಿದ್ದವು. ರಾಶಿಯೇನಲ್ಲ. ಒಂದರ ಜೇಬು ಸೊಟ್ಟ, ಒಂದರ ಕಾಲು ಸ್ವಲ್ಪ ಗಿಡ್ಡ. ಆದರೆ ಪ್ರತಿಯೊಂದನ್ನೂ ಒಬ್ಬೊಬ್ಬಳೇ ಕತ್ತರಿಸಿ ಒಬ್ಬೊಬ್ಬಳೇ ಮುಗಿಸಿದ್ದಳು. ಇದು ಯಾರು ಹೊಲಿದದ್ದು ಎಂದು ಮೇಡಂ ಕೇಳಿದಾಗಲೆಲ್ಲ ಒಬ್ಬಳು ಮುಂದೆ ಬರುತ್ತಿದ್ದಳು. ನಮ್ಮ ಬೀದಿಯಲ್ಲಿ ಆ ಪ್ರಶ್ನೆಗೆ ಯಾರೂ ಹಾಗೆ ಮುಂದೆ ಬಂದದ್ದನ್ನು ನಾನು ನೋಡಿಲ್ಲ. ಲೀಡರಮ್ಮ ತನ್ನದನ್ನು ಸೀರೆಯ ಕೆಳಗೇ ಹಾಕಿಕೊಂಡು ಬಂದಳು. ಮೊಣಕಾಲಿನವರೆಗೆ ಸೀರೆ ಎತ್ತಿ ತೋರಿಸಿದಾಗ ದಂಡೆಯ ಗಂಡಸರೂ ಬಲೆ ಬಿಟ್ಟು ಎದ್ದು ನೋಡಿದರು. "ಏನು ನೋಡ್ತೀರಿ," ಎಂದಳು ಅವಳು. "ಎರಡು ಕಾಲೂ ಬೇರೆ ಬೇರೆ ಇವೆ, ಎಣಿಸಿಕೊಳ್ಳಿ."

ಹಗ್ಗದ ಕೊನೆಯಲ್ಲಿದ್ದದ್ದು ಅವ್ವನದು. ಬೆಳಿಗ್ಗೆಯಷ್ಟೇ ಮುಗಿಸಿದ್ದಳು. ಅವಳು ಜಿಪ್ ಕೂಡಿಸಿದ ಪ್ಯಾಂಟುಗಳನ್ನು ಹಾಕಿಕೊಂಡು ಎಷ್ಟೋ ಊರುಗಳಲ್ಲಿ ಜನ ಓಡಾಡುತ್ತಿರಬೇಕು. ಮೊದಲಿಂದ ಕೊನೆಯವರೆಗೆ ಅವಳ ಕೈಯದಾದದ್ದು ಇದೊಂದೇ. "ಇದು ಟೀಚರಮ್ಮಂದು," ಎಂದು ಮೇಡಂಗೆ ಹೇಳಿದವಳು ಲೀಡರಮ್ಮ. ಅವ್ವ ಸೆರಗಿನ ತುದಿಯಿಂದ ಅದರ ಮೇಲಿನ ಉಸುಕು ಕೊಡವಿದಳು. ಅವಳ ಮುಖದ ಫೋಟೊ ನಾನು ಆಗ ತೆಗೆಯಲಿಲ್ಲ. ತೆಗೆದಿದ್ದರೆ ಈಗ ನೋಡಿ ಬರೆಯಬಹುದಿತ್ತು. ನೆನಪಿನಿಂದ ಬರೆಯಲು ಧೈರ್ಯವಿಲ್ಲ.

ಊರಿಗೆ ಬಂದ ಮೇಲೆ ದೊಡ್ಡವ್ವ ಬೀದಿಗೆಲ್ಲ ಸುದ್ದಿ ಹಂಚಿದಳು, ಏಡಿಯ ಪ್ಯಾಂಟಿನ ಸಮೇತ. ಅದು ಮಾಲೀಕರ ಕಿವಿಗೂ ಬಿತ್ತು. ಒಂದು ದಿನ ಅವರೇ ಮನೆಗೆ ಬಂದರು. ಹೊಸ ಮಾದರಿ ಬಂದಾಗ ಮೊದಲು ಒಂದು ಸ್ಯಾಂಪಲ್ ಪ್ಯಾಂಟು ಹೊಲಿಯಬೇಕು, ಅದನ್ನು ಒಬ್ಬರೇ ಪೂರ್ತಿ ಹೊಲಿಯಬೇಕು, ಈ ಊರಲ್ಲಿ ಆ ಕೆಲಸಕ್ಕೆ ಹೆಂಗಸರು ಯಾರೂ ಇಲ್ಲ, ನೀವು ಮಾಡ್ತೀರಾ ಎಂದು ಕೇಳಿದರು. ನಾನು ಒಳಗಿನಿಂದ ಬಾಗಿಲಿಗೆ ಬಂದು ನಿಂತೆ.

"ಒಲ್ಲೆರಿ," ಎಂದಳು ಅವ್ವ. "ನನಗ ಜಿಪ್ಪೇ ಇರ್ಲಿ ಬಿಡ್ರಿ."

ಅವರು ಹೋದರು. ದೊಡ್ಡವ್ವ ಅವತ್ತೆಲ್ಲ ಅವಳೊಂದಿಗೆ ಮಾತು ಬಿಟ್ಟಳು, ಅದು ಅವಳಿಗೆ ಸುಲಭದ ಕೆಲಸವಲ್ಲ. ನಾನು ಕಾರಣಗಳನ್ನು ಹುಡುಕಿ ನೋಡಿದ್ದೇನೆ. ಎದುರುಮನೆ ಮೂಲೆಮನೆಯವರ ನಡುವೆ ತಾನೊಬ್ಬಳೇ ಬೇರೆಯಾಗಿ ಕಾಣುವುದು ಅವಳಿಗೆ ಬೇಡವಾಗಿರಬಹುದು. ಅಥವಾ ಅಲ್ಲಿ ಟೀಚರಮ್ಮ ಆಗಿದ್ದು ಅಲ್ಲಿಗೇ ಸಾಕೆನಿಸಿರಬಹುದು. ಎರಡೂ ನಾನು ಕಟ್ಟಿದ ಕಾರಣಗಳು. ಇನ್ನೊಬ್ಬರ ಮನಸ್ಸಿಗೆ ಕಾರಣ ಹೊಲಿದು ಕೊಡುವುದು ನನಗೆ ಓದಿನಿಂದ ಬಂದ ಚಟ. ಅದಕ್ಕೇ ಅವಳನ್ನೇ ಕೇಳಿದೆ, ಒಂದು ಮಧ್ಯಾಹ್ನ, ಅವಳು ಬಂಡಲ್ ಬಿಚ್ಚುತ್ತಿದ್ದಾಗ. ಅವ್ವ ಕೇಳಿಸಿಕೊಂಡಳು, ಅದು ಖಂಡಿತ. ದಾರ ಕಡಿದಳು, ಮುಂದಿನ ತುಂಡು ತೆಗೆದುಕೊಂಡಳು. ಆಮೇಲೂ ಒಂದೆರಡು ಸಲ ಕೇಳಿದ್ದೇನೆ, ಉತ್ತರ ಇನ್ನೂ ಬಂದಿಲ್ಲ:

"ಅವ್ವ, ಅಲ್ಲಿ ಒಬ್ಬೊಬ್ಬರೂ ಪೂರ್ತಿ ಪ್ಯಾಂಟು ಹೊಲೀಲೇಬೇಕು ಅಂತ ಅಷ್ಟು ಹಟ ಹಿಡಿದಿ. ಇಲ್ಲಿ ಕರೆದು ಕೇಳಿದಾಗ ನೀ ಯಾಕ ಒಲ್ಲೆ ಅಂದಿ?"